ಕೆಮ್ಮಿನ ಸದ್ದು ಕೇಳಿ ಕಾಯಿಲೆ ಹೇಳುವ ಆ್ಯಪ್ ನಂಬಬಹುದಾ?

ನಿಮ್ಮ ಅಮ್ಮ ಚಿತ್ತಾಪುರ ತಾಲ್ಲೂಕಿನ ಹಳ್ಳಿಯಲ್ಲಿದ್ದಾರೆ, ನೀವು ಬೆಂಗಳೂರಲ್ಲಿ. ಅವರಿಗೆ ಮೂರು ವಾರದಿಂದ ಕೆಮ್ಮು, ನಾಲ್ಕು ಹೆಜ್ಜೆ ಜೋರಾಗಿ ನಡೆದರೆ ದಮ್ಮು ಹತ್ತುತ್ತೆ. ಕಲಬುರಗಿಗೆ ಹೋಗು ಅಂದ್ರೆ ಒಪ್ಪುತ್ತಿಲ್ಲ. ಆ್ಯಪ್‌ನಲ್ಲೇ ನೋಡಿದರೆ ಸಾಕಾ ಅಂತ ಕೇಳಿದ್ದೀರಿ.

ಸಾಕಾಗಲ್ಲ. ನಾನು ಸೇಡಂ ಕಡೆಯ ಒಂದು ಹಳ್ಳಿಯಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಕೆಮ್ಮು ಎರಡು ವಾರ ದಾಟಿತು ಅಂದ್ರೆ ನಾವು ಮೊದಲು ಮಾಡಿಸುವುದು ಕಫದ ಪರೀಕ್ಷೆ, ಟಿಬಿ ಇದೆಯಾ ನೋಡಲು. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ. ಆ್ಯಪ್ ‘ತೊಂದರೆ ಇಲ್ಲ’ ಅಂದರೂ ಇದನ್ನು ಬಿಡಬೇಡಿ.

ಹಾಗಂತ ಈ ಆ್ಯಪ್‌ಗಳು ಮೋಸ ಅಂತ ಹೇಳುತ್ತಿಲ್ಲ. ಹೈದರಾಬಾದಿನ ಕಂಪನಿಯೊಂದು ‘ಸ್ವಾಸ’ ಅನ್ನೋ ಆ್ಯಪ್ ಮಾಡಿದೆ. ಇಂಥದ್ದೇ ಆ್ಯಪ್ ಮಾಡಿದ್ದ ಆಸ್ಟ್ರೇಲಿಯಾದ ರೆಸ್‌ಆ್ಯಪ್ ಕಂಪನಿಯನ್ನು 2022ರಲ್ಲಿ ಔಷಧ ಕಂಪನಿ ಫೈಜರ್ ಕೊಂಡುಕೊಂಡಿತು. ಶ್ವಾಸನಾಳ ಕಿರಿದಾದರೆ, ಕಫ ತುಂಬಿದರೆ ಕೆಮ್ಮಿನ ಸದ್ದು ಬದಲಾಗುತ್ತೆ. ಕಾಯಿಲೆ ಗೊತ್ತಿರುವ ರೋಗಿಗಳ ಕೆಮ್ಮನ್ನು ಕೇಳಿಸಿ ಕಂಪ್ಯೂಟರ್‌ಗೆ ಆ ವ್ಯತ್ಯಾಸ ಕಲಿಸಿರುತ್ತಾರೆ. ಯಾರನ್ನು ಬೇಗ ಪರೀಕ್ಷೆಗೆ ಕಳಿಸಬೇಕು ಅಂತ ಆರಿಸಲು ಇದು ಒಳ್ಳೆಯದು. ಆದರೆ ಪಕ್ಕದಲ್ಲಿ ಫ್ಯಾನ್ ತಿರುಗುತ್ತಿದ್ದರೆ, ಮೈಕ್ ಸರಿ ಇಲ್ಲದಿದ್ದರೆ ಲೆಕ್ಕ ತಪ್ಪಬಹುದು. ಟಿಬಿ ರೋಗಾಣು ಕಫದಲ್ಲೇ ಸಿಗಬೇಕು.

ನಿಮ್ಮ ಫೋನಿನಲ್ಲಿ ನನಗೆ ಜಾಸ್ತಿ ನಂಬಿಕೆ ಇರುವುದು ವಿಡಿಯೊ ಕರೆ ಮೇಲೆ. ಅಮ್ಮನನ್ನು ಬಾಗಿಲ ಬೆಳಕಿಗೆ ಮುಖ ಮಾಡಿ ಕೂರಿಸಲು ಹೇಳಿ. ಸುಮ್ನೆ ಊರಿನ ಸುದ್ದಿ ಮಾತಾಡಿಸಿ. ಒಂದು ವಾಕ್ಯ ಮುಗಿಸುವಷ್ಟರಲ್ಲಿ ಉಸಿರಿಗೆ ನಿಲ್ಲುತ್ತಾರಾ? ಉಸಿರು ಎಳೆದಾಗ ಕುತ್ತಿಗೆಯ ಬುಡ ಒಳಗೆ ಹೋಗುತ್ತಾ? ಆಮೇಲೆ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎಣಿಸುತ್ತಿದ್ದೀರಿ ಅಂತ ಹೇಳಬೇಡಿ, ಗೊತ್ತಾದರೆ ಉಸಿರಾಟವೇ ಬದಲಾಗುತ್ತೆ. ದೊಡ್ಡವರಿಗೆ ಸುಮ್ಮನೆ ಕೂತಾಗ 12ರಿಂದ 20 ಸಹಜ. 30 ದಾಟಿದರೆ, ಮಾತು ತುಂಡಾದರೆ, ತುಟಿ ನೀಲಿಯಾದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ ಅದರಲ್ಲಿ ಆಕ್ಸಿಜನ್ ಶೇ 90ಕ್ಕಿಂತ ಕೆಳಗೆ ಬಂದರೂ ಅಷ್ಟೇ. ಫೋನ್ ಕ್ಯಾಮೆರಾ ಮೇಲೆ ಬೆರಳಿಟ್ಟು ಆಕ್ಸಿಜನ್ ತೋರಿಸುವ ಆ್ಯಪ್‌ಗಳನ್ನು ಇದಕ್ಕೆ ನೆಚ್ಚಿಕೊಳ್ಳಬೇಡಿ.

ಇನ್ನೊಂದು ಕೆಲಸ ಮಾಡಿ. ಫೋನನ್ನು ಅಡುಗೆಮನೆ ಕಡೆ ತಿರುಗಿಸಲು ಹೇಳಿ. ಕಟ್ಟಿಗೆ ಒಲೆ, ತೊಗರಿಕಟ್ಟಿಗೆ ರಾಶಿ, ಕರಿ ಹಿಡಿದ ಗೋಡೆ, ಹೊಗೆ ಹೋಗಲು ದಾರಿ ಇಲ್ಲ. ನಮ್ಮ ಕಡೆ ಎಷ್ಟೋ ಮನೆ ಹೀಗೇ ಇವೆ, ಅಲ್ವಾ? ಬೀಡಿ ಸೇದ್ತೀರಾ ಅಂತ ಡಾಕ್ಟರ್ ಕೇಳುತ್ತಾರೆ, ತಾಯಂದಿರು ಇಲ್ಲ ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತೆ. ಬೀಡಿ ಮುಟ್ಟದ ಹೆಂಗಸರಿಗೂ ವರ್ಷಗಟ್ಟಲೆ ಒಲೆ ಊದಿ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ದಮ್ಮು ಹತ್ತುವ ದೀರ್ಘಕಾಲದ ಕಾಯಿಲೆ ಬರುತ್ತೆ. ಇದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ. ತೊಗರಿ ರಾಶಿ ಮಾಡುವಾಗಿನ ಧೂಳು, ಫರಶಿ ಕಲ್ಲಿನ ಗಣಿ ಕೆಲಸ, ಇವನ್ನೂ ಡಾಕ್ಟರಿಗೆ ನೀವಾಗೇ ಹೇಳಿ. ಇದು ಸಿಒಪಿಡಿನೇ ಅಂತ ಖಾತ್ರಿ ಮಾಡಲು ಸ್ಪೈರೊಮೆಟ್ರಿ, ಅಂದರೆ ಕೊಳವೆಯಲ್ಲಿ ಜೋರಾಗಿ ಊದುವ ಪರೀಕ್ಷೆ ಬೇಕು. ಅದಕ್ಕೆ ಕಲಬುರಗಿಗೇ ಹೋಗಬೇಕಾಗಬಹುದು.

ಮೊದಲ ಹೆಜ್ಜೆ ಊರಲ್ಲೇ ಇಡಬಹುದು. ಆಶಾ ಕಾರ್ಯಕರ್ತೆಗೆ ಇವತ್ತೇ ಫೋನ್ ಮಾಡಿ, ಅಮ್ಮನನ್ನು ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ, ಅಂದರೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಲು ಕೇಳಿ. ಅಲ್ಲಿಂದ ಸರ್ಕಾರದ ಇ-ಸಂಜೀವಿನಿ ಸೇವೆಯಲ್ಲಿ ಡಾಕ್ಟರ ಜೊತೆ ವಿಡಿಯೊದಲ್ಲಿ ಮಾತಾಡಿಸುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಬರುವ ಕಫ ಪರೀಕ್ಷೆಗೆ ಒಳ್ಳೆಯದು. ಡಬ್ಬಿಯನ್ನು ಹಿಂದಿನ ದಿನವೇ ಇಸಿದುಕೊಳ್ಳಲಿ.