ಪಾಸ್‌ಪಿಯೇ ಕಲಸಿದಂತೆ ಕೇಳುತ್ತಿದ್ದರೆ ಮೊದಲು ಪೆಡಲ್‌ನಿಂದ ಕಾಲು ತೆಗೆಯಿರಿ

ನಿಮ್ಮ ವಿಡಿಯೋ ನೋಡಿದೆ. ಫ್ರೆಂಚ್ ಸಂಯೋಜಕ ದೆಬುಸ್ಸಿಯ ಪಿಯಾನೋ ತುಣುಕು ಪಾಸ್‌ಪಿಯೇ ಎಷ್ಟು ಅಭ್ಯಾಸ ಮಾಡಿದರೂ ಕಲಸಿದಂತೆ ಕೇಳುತ್ತದೆ, ಇನ್ನೂ ವೇಗ ಹೆಚ್ಚಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಎಡಗೈಯ ಸ್ಟಕಾಟೋ, ಅಂದರೆ ಚುಟುಕಾಗಿ ಬಿಡಿಸಿ ನುಡಿಸುವ ಸ್ವರಗಳು, ಅಷ್ಟನ್ನೂ ಸ್ವರವನ್ನು ಎಳೆದು ಹಿಡಿಯುವ ಪೆಡಲ್ ನುಂಗಿಹಾಕಿದೆ. ನಾನೂ ಹೀಗೇ ನುಡಿಸುತ್ತಿದ್ದವನು. ಇದೇ ಸ್ವೀಟ್‌ನಲ್ಲಿ (ತುಣುಕುಗಳ ಗುಚ್ಛದಲ್ಲಿ) ಇದಕ್ಕಿಂತ ಮುಂಚೆ ಬರುವ ಕ್ಲೇರ್ ದ ಲ್ಯೂನ್ ಕಲಿತು ಬಂದವರ ಕಾಲು ಹೇಳದೆಯೇ ಪೆಡಲ್ ಮೇಲೆ ಹೋಗಿ ಕೂರುತ್ತದೆ.

ಪಾಸ್‌ಪಿಯೇ ಎಂದರೆ ಫ್ರಾನ್ಸಿನ ಬ್ರಿಟನಿ ಕಡೆಯ ಚುರುಕಾದ ಕುಣಿತ ಎಂದು ಈ ಚರ್ಚೆಯಲ್ಲೇ ಯಾರೋ ಬರೆದಿದ್ದಾರೆ. ನಿಜ, ಆದರೆ ಅದು ಮೂರರ ಲೆಕ್ಕದ್ದು; ದೆಬುಸ್ಸಿ ಬರೆದಿರುವುದು ನಾಲ್ಕರಲ್ಲಿ. 1905ರಲ್ಲಿ ಅಚ್ಚಾಗುವ ಮೊದಲು ಈ ತುಣುಕಿನ ಹೆಸರು ಪವಾನ್ ಎಂದೇ ಇತ್ತು, ಅಂದರೆ ಗಾಂಭೀರ್ಯದ ಹೆಜ್ಜೆಯ ನೃತ್ಯ. ನೆತ್ತಿಯ ಮೇಲೆ 'ಅಲೆಗ್ರೆಟ್ಟೋ ಮಾ ನಾನ್ ಟ್ರೋಪ್ಪೋ' (ತುಸು ಚುರುಕಾಗಿ, ಆದರೆ ಅತಿಯಾಗಿ ಬೇಡ) ಎಂದು ಬರೆದಿದ್ದರೂ ಎಲ್ಲರೂ ಓದುವುದು ಮೊದಲ ಪದವನ್ನು ಮಾತ್ರ!

ಇನ್ನು ಎಡಗೈ. ಒಂದು ವಾರ ಬಲಗೈಯನ್ನು ತೊಡೆಯ ಮೇಲಿಟ್ಟುಕೊಳ್ಳಿ. ಸ್ವರಗಳು ಆಕ್ಟೇವ್‌ಗಿಂತ (ಒಂದು ಸಾ-ದಿಂದ ಮುಂದಿನ ಸಾ-ವರೆಗಿನ ಅಂತರ) ಅಗಲಕ್ಕೆ ಹರಡಿವೆ ಎಂದು ಅಂಗೈಯನ್ನು ಚಾಚಿ ಹಿಡಿಯಬಾರದು. ಮುಂಗೈ ಬಿಗಿದು ನಾಲ್ಕನೆಯ ಸಾಲಿಗೇ ನೋಯುತ್ತದೆ. ಕಿರುಬೆರಳು ಕೆಳಗಿನ ಸ್ವರ ಮುಟ್ಟಿದ ತಕ್ಷಣ ಬಿಟ್ಟು ಬರಲಿ, ತೋರುಬೆರಳು ಗೂಟವಾಗಿರಲಿ, ಹೆಬ್ಬೆರಳಿನ ಕಡೆಗೆ ಮಣಿಕಟ್ಟು ಹೊರಳಲಿ. ಬೆರಳನ್ನು ಕೀಲಿಯಿಂದ ಮೇಲಕ್ಕೆ ಹಾರಿಸಬೇಡಿ, ಮೇಲ್ಮೈಗೆ ತಾಗಿಯೇ ಇರಬೇಕು. ಹಾರಿಸಿದರೆ ಪಿಯಾನಿಸ್ಸಿಮೋ, ಅಂದರೆ ತೀರಾ ಮೆಲ್ಲನೆಯ ನಾದ, ಸಿಗುವುದೇ ಇಲ್ಲ. ಪೆಡಲ್ ಪೂರ್ತಿ ನಿಷಿದ್ಧ ಎಂದು ಹೇಳುತ್ತಿಲ್ಲ. ಕೈ ಎಟುಕದ ಉದ್ದ ಸ್ವರಗಳಿಗೆ ಬೇಕೇ ಬೇಕು, ಆದರೆ ಅರ್ಧ ಮಾತ್ರ. ಕೀಬೋರ್ಡ್ ಜೊತೆ ಪುಕ್ಕಟೆ ಬರುವ ಪುಟ್ಟ ಸ್ವಿಚ್ ಪೆಡಲ್ಲುಗಳಲ್ಲಿ ಅರ್ಧ ಎಂಬುದೇ ಇರುವುದಿಲ್ಲ, ಅದನ್ನು ಮೊದಲು ಬದಲಾಯಿಸಿ. ಭಾರವಿಲ್ಲದ ಕೀಲಿಯ ಅರವತ್ತೊಂದರ ಕೀಬೋರ್ಡ್ ಆಗಿದ್ದರೆ ಈ ತುಣುಕನ್ನೇ ಮುಂದಕ್ಕೆ ಹಾಕಿ. ಕೊಳ್ಳುವುದಾದರೆ ನನ್ನ ಮತ ಕವಾಯ್ ಕಂಪನಿಯ ಪಿಯಾನೋಗೆ, ಯಮಹಾ ಮೆಚ್ಚುವವರು ಬೈದರೂ ಪರವಾಗಿಲ್ಲ.

ಬಲಗೈಯಲ್ಲಿ ಟ್ರಿಪ್ಲೆಟ್ (ಎರಡು ಸ್ವರದ ಹೊತ್ತಿನಲ್ಲಿ ಮೂರು) ಬಂದಾಗ ತಡವರಿಸುತ್ತಿದ್ದೀರಿ. ಮೂರಕ್ಕೆ ಎರಡು. ಬಲಗೈಗೆ ತಕಿಟ, ಎಡಗೈಗೆ ತಕ ಎಂದು ಮೇಜಿನ ಮೇಲೆ ತಟ್ಟಿ. ಮೃದಂಗ ಕೇಳಿ ಬೆಳೆದ ಕಿವಿಗೆ ಇದು ಕಷ್ಟವಾಗಬಾರದು. ಆಗಲೂ ಆಗದಿದ್ದರೆ ಫ್ರೆಂಚ್ ಸಂಯೋಜಕ ರಾಮೋನ 1724ರ ತುಣುಕು ತಂಬುರ್ಯಾಂ ಕಲಿತು ಬನ್ನಿ. ಪಿಯಾನೋಗಿಂತ ಹಳೆಯ ಕೀಲಿವಾದ್ಯವಾದ ಹಾರ್ಪ್ಸಿಕಾರ್ಡ್‌ಗೆ ಬರೆದದ್ದು, ಚಿಕ್ಕದು, ಎಡಗೈ ಡೋಲಿನ ಪೆಟ್ಟು ಹಾಕುತ್ತಾ ಹೋಗುತ್ತದೆ. ಪೆಡಲ್ ನೆನಪಾಗುವುದಕ್ಕೂ ಅಲ್ಲಿ ಜಾಗವಿಲ್ಲ.

ಸ್ವರಲಿಪಿಯ ಪ್ರತಿ ಹೆನ್ಲೆ ಪ್ರಕಾಶನದ್ದಾದರೆ ಒಳ್ಳೆಯದು. ದುಬಾರಿಯೇ, ಆದರೆ ಮೊಬೈಲ್ ಪರದೆಯಲ್ಲಿ ನೋಡಿಕೊಂಡು ನುಡಿಸುವುದನ್ನು ನಿಲ್ಲಿಸಿ. ಮುಂದಿನ ವಿಡಿಯೋದಲ್ಲಿ ಮೊಬೈಲನ್ನು ಪಿಯಾನೋದ ಮೇಲಿಡದೆ ಕೋಣೆಯ ಆಚೆ ತುದಿಯಲ್ಲಿಡಿ. ಪಾದವೂ ಕಾಣಿಸಬೇಕು.