ಪೋಕ್ಸೊ ಪ್ರಕರಣದಲ್ಲಿ ಸಪೋರ್ಟ್ ಪರ್ಸನ್ ಆಗಿ ಕೆಲಸ ಮಾಡುವುದು ಅಂದರೆ ಏನು?

ನಿಮ್ಮ ಪ್ರಶ್ನೆ: ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ) ಮುಗಿಸಿದ್ದೇನೆ, ಅಮೆರಿಕದಲ್ಲಿ ಪ್ರಾಸಿಕ್ಯೂಟರ್ (ಸರ್ಕಾರಿ ವಕೀಲರ) ಕಚೇರಿಯಲ್ಲೇ ಸಂತ್ರಸ್ತರಿಗೆ ನೆರವಾಗುವ ವಿಕ್ಟಿಮ್ ಅಡ್ವೊಕೇಟ್ ಅಂತ ಹುದ್ದೆ ಇರುತ್ತದಂತೆ, ಕರ್ನಾಟಕದಲ್ಲಿ ಅಂಥದ್ದು ಇದೆಯಾ, ಇದ್ದರೆ ಕೆಲಸ ಏನು?

ನಮ್ಮಲ್ಲಿ ಅದಕ್ಕೆ ತೀರಾ ಹತ್ತಿರದ್ದು ಪೋಕ್ಸೊ (18 ವರ್ಷದೊಳಗಿನ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ) ಪ್ರಕರಣಗಳ ಸಪೋರ್ಟ್ ಪರ್ಸನ್, ಅಂದರೆ ತನಿಖೆ, ವಿಚಾರಣೆಯ ಉದ್ದಕ್ಕೂ ಮಗುವಿನ ಜೊತೆಗಿರುವ ಬೆಂಬಲ ವ್ಯಕ್ತಿ. ಒಂದು ವ್ಯತ್ಯಾಸ ಮೊದಲೇ ತಿಳಿದಿರಲಿ. ಅಲ್ಲಿನ ಅಡ್ವೊಕೇಟ್ ಪ್ರಾಸಿಕ್ಯೂಟರ್ ತಂಡದವರು. ಸಂತ್ರಸ್ತರು ಅವರ ಹತ್ತಿರ ಹೊಸದೇನಾದರೂ ಹೇಳಿದರೆ ಅದು ಪ್ರಾಸಿಕ್ಯೂಟರಿಗೆ ಮುಟ್ಟುತ್ತದೆ, ಅಲ್ಲಿಂದ ಆರೋಪಿಯ ವಕೀಲರಿಗೂ ಕೊಡಬೇಕಾಗಬಹುದು. ಇಲ್ಲಿ ನಿಮ್ಮನ್ನು ನೇಮಿಸುವುದು ಮಕ್ಕಳ ಕಲ್ಯಾಣ ಸಮಿತಿ, 2020ರ ಪೋಕ್ಸೊ ನಿಯಮಗಳ 4ನೇ ನಿಯಮದಡಿ. ಪಿಪಿ, ಅಂದರೆ ಪಬ್ಲಿಕ್ ಪ್ರಾಸಿಕ್ಯೂಟರ್, ನಿಮ್ಮ ಮೇಲಧಿಕಾರಿ ಅಲ್ಲ. ಅದು ಒಳ್ಳೆಯದೇ. ಆದರೆ ಕೋರ್ಟಿನಲ್ಲಿ ನಿಮ್ಮದು ಅಂತ ಒಂದು ಕುರ್ಚಿಯೂ ಇರುವುದಿಲ್ಲ, ಪ್ರತಿ ಮಾಹಿತಿಯನ್ನೂ ನೀವೇ ಕೇಳಿ ಪಡೆಯಬೇಕು. ಅರ್ಧ ಕೆಲಸ ಅದೇ.

ಅರ್ಹತೆ ನಿಮಗಿದೆ. ಸಮಾಜಕಾರ್ಯ, ಸಮಾಜಶಾಸ್ತ್ರ, ಮನಶ್ಶಾಸ್ತ್ರ ಅಥವಾ ಮಕ್ಕಳ ಬೆಳವಣಿಗೆ ವಿಷಯದಲ್ಲಿ ಸ್ನಾತಕೋತ್ತರ ಪದವಿ ಸಾಕು. ಬರೀ ಪದವಿಯಾದರೆ ಮಕ್ಕಳ ಕ್ಷೇತ್ರದಲ್ಲಿ 3 ವರ್ಷದ ಅನುಭವ ಬೇಕು. ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಒಂದು ಪಟ್ಟಿ ಇರುತ್ತದೆ, ಅದರಲ್ಲಿ ಹೆಸರು ಸೇರಬೇಕು. ಸಂಭಾವನೆ ನುರಿತ ಕಾರ್ಮಿಕರ ಕನಿಷ್ಠ ವೇತನಕ್ಕಿಂತ ಕಡಿಮೆ ಇರಬಾರದು ಅಂತ ನಿಯಮವಿದೆ. ಇದೊಂದನ್ನೇ ನಂಬಿ ಬಾಡಿಗೆ ಮನೆ ಹಿಡಿಯಬೇಡಿ ಅನ್ನುವುದು ನನ್ನ ಸಲಹೆ. ಸಂಸ್ಥೆಯೊಂದರ ಮೂಲಕ ಸೇರುವುದು ವಾಸಿ.

ನೇಮಕದ ಆದೇಶ ಕೈಗೆ ಬಂದ ದಿನ ಮೂರು ಪ್ರತಿ ಮಾಡಿಸಿ: ಒಂದು ತನಿಖಾಧಿಕಾರಿಗೆ, ಒಂದು ಪಿಪಿಗೆ, ಒಂದು ಸದಾ ನಿಮ್ಮ ಬ್ಯಾಗಿನಲ್ಲಿ. ಪೊಲೀಸರು ನಿಮ್ಮ ನೇಮಕವನ್ನು 24 ಗಂಟೆಯೊಳಗೆ ವಿಶೇಷ ನ್ಯಾಯಾಲಯಕ್ಕೆ ಲಿಖಿತವಾಗಿ ತಿಳಿಸಬೇಕು. ತಿಳಿಸದೆ ಹೋದರೆ ಆರು ತಿಂಗಳ ಮೇಲೆ ಸಾಕ್ಷ್ಯದ ದಿನ ಬಾಗಿಲಲ್ಲಿ "ನೀವ್ಯಾರು?" ಅಂತ ತಡೆಯುತ್ತಾರೆ.

ಮಗುವನ್ನು ಮೊದಲ ಸಲ ನೋಡಿದಾಗ ಘಟನೆ ಬಗ್ಗೆ ಕೇಳಲೇಬೇಡಿ. ಪೊಲೀಸ್, ಡಾಕ್ಟರ್, ಸಮಿತಿ, ಮ್ಯಾಜಿಸ್ಟ್ರೇಟ್ ಎಲ್ಲರೂ ಕೇಳಿರುತ್ತಾರೆ ಅಥವಾ ಕೇಳುವವರಿದ್ದಾರೆ. ನೀವು ಯಾರು, ಏಕೆ ಬಂದಿದ್ದೀರಿ, ಬೇಡ ಅನ್ನಿಸಿದರೆ ಕಾರಣ ಕೊಡದೆಯೇ ನಿಮ್ಮನ್ನು ಬಿಡಿಸಬಹುದು, ಇಷ್ಟು ಹೇಳಿ. "ಯಾರಿಗೂ ಹೇಳಲ್ಲ ಪುಟ್ಟಾ" ಅನ್ನುವ ಮಾತು ಬಾಯಿಗೆ ಬರುತ್ತದೆ, ತಡೆದುಕೊಳ್ಳಿ. ಅಂಥದ್ದೇ ಮಾಡಿದ ಇನ್ನೊಬ್ಬನ ಹೆಸರನ್ನು ಮಗು ಹೇಳಿದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ನೀವು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ನಿಮ್ಮ ಮೇಲೇ ಕೇಸು. ವಕೀಲರಿಗೆ ಕಕ್ಷಿದಾರರ ಗುಟ್ಟು ಕಾಪಾಡಲು ಇರುವ ರಕ್ಷಣೆ ನಿಮಗಿಲ್ಲ. ಹಾಗಾಗಿ ಪ್ರತಿ ತಿಂಗಳು ಸಮಿತಿಗೆ ಕೊಡುವ ವರದಿಯಲ್ಲಿ ಮಗುವಿನ ಆರೋಗ್ಯ, ನಿದ್ದೆ, ಶಾಲೆ, ಮನೆಯ ಸ್ಥಿತಿ ಬರೆಯಿರಿ. ಘಟನೆಯ ವಿವರ ನಿಮ್ಮ ಮಾತಿನಲ್ಲಿ ಬರೆಯಬೇಡಿ. ಒಂದು ಪದ ಹೆಚ್ಚುಕಮ್ಮಿಯಾದರೂ ಕ್ರಾಸ್‌ನಲ್ಲಿ (ಆರೋಪಿ ಪರ ವಕೀಲರ ಪಾಟೀಸವಾಲಿನಲ್ಲಿ) ಅದೇ "ವ್ಯತ್ಯಾಸ" ಆಗಬಹುದು.

ಹೇಳಿಕೆಯ ಭಾಷೆಯಲ್ಲೇ ಎಷ್ಟೋ ಕೇಸು ಸೊರಗುತ್ತವೆ. ಎಂಟು ವರ್ಷದ ಹುಡುಗಿ "ಚಡ್ಡಿ ಒಳಗೆ ಕೈ ಹಾಕ್ದ" ಅಂದಿರುತ್ತಾಳೆ. ಕಾಗದದಲ್ಲಿ "ನನ್ನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿರುತ್ತಾನೆ" ಅಂತ ಇರುತ್ತದೆ. ಕೋರ್ಟಿನಲ್ಲಿ "ದೌರ್ಜನ್ಯ ಅಂದರೇನಮ್ಮಾ?" ಅಂತ ಕೇಳಿದರೆ ಮಗು ಏನು ಹೇಳೀತು? 26ನೇ ಸೆಕ್ಷನ್ ಮಗು ಹೇಳಿದ ಹಾಗೆಯೇ ಬರೆದುಕೊಳ್ಳಬೇಕು ಅನ್ನುತ್ತದೆ. ಮನೆಮಾತು ತುಳುವೋ ಲಂಬಾಣಿಯೋ ಉರ್ದುವೋ ಆಗಿದ್ದರೆ ದುಭಾಷಿ ಬೇಕು ಅಂತ ಮೊದಲ ದಿನವೇ ಲಿಖಿತವಾಗಿ ಕೇಳಿ. ಅವರ ಪಟ್ಟಿಯೂ ಮಕ್ಕಳ ರಕ್ಷಣಾ ಘಟಕದಲ್ಲೇ ಇರುತ್ತದೆ. ಮ್ಯಾಜಿಸ್ಟ್ರೇಟ್ ಮುಂದಿನ ಹೇಳಿಕೆ ಈಗ ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲು ಬಂದ ಕಾನೂನು) 183ನೇ ಸೆಕ್ಷನ್. ಕೋರ್ಟಿನಲ್ಲಿ ಬಾಯಿಮಾತಿಗೆ ಇನ್ನೂ ಹಳೆಯ ಸೆಕ್ಷನ್ ಸಂಖ್ಯೆಯಿಂದ "164" ಅಂತಲೇ ಅನ್ನುತ್ತಾರೆ, ಗೊಂದಲ ಬೇಡ.

ವಯಸ್ಸಿನ ದಾಖಲೆಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಮೊದಲು ನೋಡುವುದು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯ್ತಿ ಅಥವಾ ಪುರಸಭೆಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಆ ಸಾಲಿನಲ್ಲಿಲ್ಲ. ದಾಖಲೆ ಸಂಗ್ರಹಿಸುವುದು ತನಿಖಾಧಿಕಾರಿಯ ಕೆಲಸ, ಯಾವ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಸೇರಿಸಿದ್ದರು ಅಂತ ಮನೆಯವರಿಂದ ತಿಳಿದು ಹೇಳುವುದು ನಿಮ್ಮಿಂದ ಆಗುವ ಸಹಾಯ. ಹುಡುಗಿ ಗರ್ಭಿಣಿಯಾಗಿದ್ದರೆ ಒಂದು ದಿನವೂ ಕಾಯಬೇಡಿ: ಗರ್ಭಪಾತಕ್ಕೆ 20 ವಾರದವರೆಗೆ ಒಬ್ಬ ವೈದ್ಯರು, 24ರವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು. ಆಮೇಲೆ ಬಹುತೇಕ ಹೈಕೋರ್ಟ್ ದಾರಿಯೇ.

ಕಾಯ್ದೆಯಲ್ಲಿ ಮಗುವಿನ ಸಾಕ್ಷ್ಯ 30 ದಿನದೊಳಗೆ, ವಿಚಾರಣೆ ಒಂದು ವರ್ಷದೊಳಗೆ ಅಂತಿದೆ. ನಡೆಯುವುದು ಬೇರೆ. ಆರೋಪಿಯನ್ನು ಜೈಲಿನಿಂದ ಕರೆತಂದಿಲ್ಲ, ವಕೀಲರು ಬಂದಿಲ್ಲ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬಂದಿಲ್ಲ, ಹೀಗೆ ತಾರೀಕು ಮುಂದಕ್ಕೆ ಹೋಗುತ್ತದೆ. ಹಿಂದಿನ ದಿನ ಸಂಜೆ ಠಾಣೆಯ ಕೋರ್ಟ್ ಪಿಸಿಗೆ (ಕೋರ್ಟ್ ಕೆಲಸ ನೋಡಿಕೊಳ್ಳುವ ಕಾನ್‌ಸ್ಟೆಬಲ್‌ಗೆ) ಫೋನ್ ಮಾಡಿ ವಿಚಾರಿಸಿದರೆ ನಲವತ್ತು ಕಿಲೋಮೀಟರ್ ಬಸ್ಸಿನ ಓಡಾಟ, ತಾಯಿಯ ಒಂದು ದಿನದ ಕೂಲಿ ಎರಡೂ ಉಳಿಯಬಹುದು.

ಸಾಕ್ಷ್ಯಕ್ಕೆ ಮುಂಚೆ ಒಂದು ದಿನ ಖಾಲಿ ಕೋರ್ಟ್ ಹಾಲ್ ತೋರಿಸಿ. ಜಡ್ಜ್ ಎಲ್ಲಿ, ಟೈಪ್ ಮಾಡುವವರು ಎಲ್ಲಿ, ನೀನು ಎಲ್ಲಿ. "ಗೊತ್ತಿಲ್ಲ", "ನೆನಪಿಲ್ಲ", "ಪ್ರಶ್ನೆ ಅರ್ಥ ಆಗ್ಲಿಲ್ಲ" ಈ ಮೂರೂ ಸರಿಯಾದ ಉತ್ತರಗಳೇ ಅಂತ ಹೇಳಿ. ಅಲ್ಲಿಗೆ ನಿಲ್ಲಿಸಿ. ಹೇಳಿಕೆ ಓದಿಸುವುದು, ಬಾಯಿಪಾಠ ಮಾಡಿಸುವುದು ಕೂಡದು. ಪಿಪಿ ಹೇಳಿಕೆಯನ್ನು ನೆನಪು ಮಾಡಿಸಬೇಕಾದರೆ ಅವರೇ ಮಾಡಲಿ. ಕ್ರಾಸ್‌ನಲ್ಲಿ ತಪ್ಪದೆ ಬರುವ ಪ್ರಶ್ನೆ "ಹೀಗೆ ಹೇಳು ಅಂತ ಯಾರು ಹೇಳಿಕೊಟ್ಟರು?" ಮಗು ನಿಮ್ಮ ಕಡೆ ತಿರುಗಿ "ಈ ಆಂಟಿ" ಅಂದರೆ ಕೇಸಿಗೆ ಅದಕ್ಕಿಂತ ದೊಡ್ಡ ಪೆಟ್ಟಿಲ್ಲ.

ಆ ದಿನದ ನಿಜವಾದ ಅಪಾಯ ಹಾಲ್ ಒಳಗಲ್ಲ, ಹೊರಗಿನ ಪಡಸಾಲೆಯಲ್ಲಿ. ಒಳಗೆ ಆರೋಪಿ ಕಾಣದಂತೆ ಪರದೆ ಇರುತ್ತದೆ, 36ನೇ ಸೆಕ್ಷನ್ ಪ್ರಕಾರ. ಹೊರಗೆ ಅದೇ ಆರೋಪಿ ಜಾಮೀನಿನ ಮೇಲಿದ್ದರೆ ಅಣ್ಣತಮ್ಮಂದಿರ ಜೊತೆ ಎದುರು ಬೆಂಚಿನಲ್ಲೇ ಕೂತಿರುತ್ತಾನೆ. ಬೆಳಿಗ್ಗೆ ಹತ್ತೂವರೆಗೆ ಬಂದ ಮಗುವನ್ನು ಮಧ್ಯಾಹ್ನ ಮೂರಕ್ಕೆ ಕರೆದದ್ದುಂಟು. ಅಷ್ಟರಲ್ಲಿ ಅವರ ಕಡೆಯ ಹೆಂಗಸೊಬ್ಬಳು ಬಂದು ತಾಯಿ ಹತ್ತಿರ "ರಾಜಿ ಮಾಡ್ಕೊಳ್ಳಿ, ಹುಡುಗಿ ಮದುವೆ ಆಗ್ಬೇಕಲ್ವಾ" ಅಂತ ಶುರು ಮಾಡುತ್ತಾಳೆ. ಸಾಕ್ಷಿ ತಿರುಗಿ ಬೀಳುವುದು ಹೆಚ್ಚಾಗಿ ಇಲ್ಲಿ. ಆದ್ದರಿಂದ ಮಕ್ಕಳಂಥ ದುರ್ಬಲ ಸಾಕ್ಷಿಗಳಿಗೆ ಮೀಸಲಾದ ಕೊಠಡಿಯನ್ನೋ, ಪಿಪಿ ಕೋಣೆಯನ್ನೋ ಮೊದಲೇ ಗೊತ್ತುಮಾಡಿ. ತಿಂಡಿ, ನೀರು, ಬಣ್ಣದ ಪೆನ್ಸಿಲ್ ನಿಮ್ಮ ಬ್ಯಾಗಿನಲ್ಲಿರಲಿ. ತಾಯಿಯೂ ಸಾಕ್ಷಿಯಾಗಿದ್ದರೆ ಅವರ ಸಾಕ್ಷ್ಯ ಮುಗಿಯುವ ತನಕ ಒಳಗೆ ಬಿಡದಿರಬಹುದು, ಆಗ ಮಗುವಿನ ಪಕ್ಕ ನೀವೊಬ್ಬರೇ. ಪ್ರಶ್ನೆಗಳನ್ನು ಜಡ್ಜ್ ಮೂಲಕವೇ ಕೇಳಬೇಕು, ಆಗಾಗ ಬಿಡುವು ಕೊಡಬೇಕು ಅಂತ 33ನೇ ಸೆಕ್ಷನ್ ಇದೆ. ವಕೀಲರು ನೇರವಾಗಿ ಗದರಿದರೆ ನೀವು ಎದ್ದು ಆಕ್ಷೇಪಿಸುವಂತಿಲ್ಲ. ಚೀಟಿ ಬರೆದು ಪಿಪಿ ಕೈಗೆ ಕೊಡಿ. "ಮಗುವಿಗೆ ಶೌಚಕ್ಕೆ ಹೋಗಬೇಕಂತೆ" ಅನ್ನುವ ಒಂದು ಸಾಲಿನ ಚೀಟಿಗೂ ಬೆಲೆ ಇದೆ. ಬೆದರಿಕೆ ಬಂದಿದ್ದರೆ ಬರೀ ಠಾಣೆಗೆ ಬಾಯಲ್ಲಿ ಹೇಳಿ ಸುಮ್ಮನಾಗದೆ, ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ ಹಾಕಿಸಿ.

ದುಡ್ಡಿನ ವಿಷಯ ಬಹಳ ಕುಟುಂಬಗಳಿಗೆ ಗೊತ್ತೇ ಇರುವುದಿಲ್ಲ. ಊಟ, ಬಟ್ಟೆ, ಓಡಾಟದಂಥ ತುರ್ತಿಗೆ ಸಮಿತಿ ವಿಶೇಷ ಪರಿಹಾರ ಶಿಫಾರಸು ಮಾಡಬಹುದು, ಒಂದು ವಾರದಲ್ಲಿ ಸಿಗಬೇಕು. ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ವಿಶೇಷ ನ್ಯಾಯಾಲಯ ಮಧ್ಯಂತರ ಪರಿಹಾರ ಕೊಡಬಹುದು, ಆದೇಶವಾದ 30 ದಿನದಲ್ಲಿ ಪಾವತಿಯಾಗಬೇಕು. ಅರ್ಜಿಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರನ್ನು ಉಚಿತವಾಗಿ ಪಡೆಯಬಹುದು. ಶಿಕ್ಷೆಯಾಗದಿದ್ದರೂ ಪರಿಹಾರಕ್ಕೆ ಅಡ್ಡಿಯಿಲ್ಲ. ಪರಿಶಿಷ್ಟ ಜಾತಿ ಅಥವಾ ಪಂಗಡದ ಮಗು, ಆರೋಪಿ ಆ ಎರಡಕ್ಕೂ ಸೇರದವನಾಗಿದ್ದರೆ ಎಫ್‌ಐಆರ್‌ನಲ್ಲಿ ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ ಇದೆಯಾ ನೋಡಿ. ಇಲ್ಲದಿದ್ದರೆ ಸಮಾಜ ಕಲ್ಯಾಣ ಇಲಾಖೆಯಿಂದ ಬರಬೇಕಾದ್ದು ಕೈತಪ್ಪುತ್ತದೆ. ಹಣ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಬ್ಯಾಂಕಿನಲ್ಲಿ: ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಇನ್ನೂ ಕೆಟ್ಟದ್ದು, ಖಾತೆಗೆ ಪೋಷಕ ಅಂತ ಇರುವ ತಂದೆಯೇ ಆರೋಪಿ. ಆ ಖಾತೆಯನ್ನು ಆದೇಶ ಬಂದ ಮೇಲಲ್ಲ, ನೇಮಕವಾದ ಮೊದಲ ತಿಂಗಳೇ ಪರೀಕ್ಷಿಸಿ, ತಾಯಿಯ ಅಥವಾ ಸಮಿತಿ ಒಪ್ಪಿದವರ ಹೆಸರು ಪೋಷಕರಾಗಿ ಇರುವ ಹೊಸ ಖಾತೆ ತೆರೆಸಿ.