ಅಯಾನು ಬಡಿದರೆ ಏನಾಗುತ್ತದೆ?

ಪ್ರಶ್ನೆ: ಅಯಾನುಗಳ (ವಿದ್ಯುದಾವೇಶ ಹೊತ್ತ ಪರಮಾಣುಗಳ) ಕಿರಣ ಬಿದ್ದರೆ ಘನವಸ್ತು ಸುಮ್ನೆ ಬಿಸಿಯಾಗುತ್ತದಾ, ಅಥವಾ ಅದರ ಮೇಲ್ಮೈಯೇ ಬದಲಾಗುತ್ತದಾ?

ಉತ್ತರ: ಬಿಸಿಯೂ ಆಗುತ್ತದೆ, ಆದರೆ ನಿಜವಾದ ಸ್ವಾರಸ್ಯ ಬೇರೆಯೇ ಇದೆ. ಕೆಲವು ನೂರು ಎಲೆಕ್ಟ್ರಾನ್ ವೋಲ್ಟ್ (ಇಂಥ ಪುಟ್ಟ ಕಣಗಳ ಶಕ್ತಿ ಅಳೆಯುವ ಮಾನ) ಶಕ್ತಿಯ ಆರ್ಗಾನ್ ಅಯಾನು ಬಡಿದರೆ, ಗೋಲಿಗಳ ಹಾಗೆ ಒಂದು ಪರಮಾಣು ಇನ್ನೊಂದನ್ನು ತಳ್ಳಿ, ಆ ತಳ್ಳಾಟ ಮೇಲಕ್ಕೆ ತಿರುಗಿ, ಮೇಲ್ಮೈಯ ಪರಮಾಣುಗಳೇ ಕಿತ್ತು ಹೊರಗೆ ಹಾರುತ್ತವೆ. ಇದೇ ಸ್ಪಟರಿಂಗ್. ಬ್ರಿಟಿಷ್ ವಿಜ್ಞಾನಿ ವಿಲಿಯಂ ಗ್ರೋವ್ 1852ರಲ್ಲೇ ಇದನ್ನು ಗಮನಿಸಿದ್ದರು!

ಶಕ್ತಿ ಹತ್ತಾರು ಸಾವಿರಕ್ಕೆ ಏರಿದರೆ ಅಯಾನು ಒಳಗೇ ಹೂತುಕೊಳ್ಳುತ್ತದೆ. ಚಿಪ್ ಮಾಡುವಾಗ ಸಿಲಿಕಾನ್‌ಗೆ ಬೋರಾನ್ ಸೇರಿಸುವುದು ಹೀಗೇ. ಹರಳಿನ ಜೋಡಣೆ ಕೆಡುತ್ತದಲ್ವಾ, ಅದಕ್ಕೇ ಆಮೇಲೆ ಕಾಯಿಸಿ ಸರಿಪಡಿಸುತ್ತಾರೆ.

ನನಗೆ ಜಾಸ್ತಿ ಇಷ್ಟವಾದದ್ದು ಇನ್ನೊಂದಿದೆ: ಕಿರಣ ಓರೆಯಾಗಿ ಬಿದ್ದಾಗ ಕೆಲವೊಮ್ಮೆ ನಯವಾದ ಮೇಲ್ಮೈಯಲ್ಲಿ ಮರಳಿನ ಅಲೆಗಳಂಥ ಸಾಲುಗಳು ತಾವಾಗಿಯೇ ಮೂಡುತ್ತವೆ, ಅದೂ ನ್ಯಾನೋಮೀಟರ್ ಅಳತೆಯಲ್ಲಿ.